ಎಆರ್‌ಟಿ ಕೇಂದ್ರದ ಆಪ್ತಸಮಾಲೋಚನೆ: ಗುಳಿಗೆಗೆ ಗಟ್ಟಿ, ಮನಸ್ಸಿಗೆ ಅರೆಬರೆ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಗಳ ಸರಕಾರಿ ಎಆರ್‌ಟಿ (ಎಚ್‌ಐವಿ ಹತ್ತಿಕ್ಕುವ ಗುಳಿಗೆಯ ಚಿಕಿತ್ಸೆ) ಕೇಂದ್ರಗಳಲ್ಲಿ ಎಚ್‌ಐವಿ ಇರುವವರಿಗೆ ಗುಳಿಗೆ, ವೈರಲ್ ಲೋಡ್ (ರಕ್ತದಲ್ಲಿ ವೈರಾಣು ಎಷ್ಟಿದೆ ಎಂಬ) ತಪಾಸಣೆ, ಆಪ್ತಸಮಾಲೋಚನೆ ಎಲ್ಲ ಪುಕ್ಕಟೆ. ಗುಳಿಗೆ ತಪ್ಪದಂತೆ ಕಾಯುವ ಕೆಲಸಕ್ಕೆ ಹೆಸರಿಡುವಂತಿಲ್ಲ. ಖಿನ್ನತೆಯ ಮಾತು ಬಂದಾಗ ಮಾತ್ರ ಗಂಡಸರು ಅರ್ಧಕ್ಕೇ ಎದ್ದು ಬರುತ್ತಾರೆ.

ಸಾಲು ಉದ್ದವಿದ್ದ ದಿನ ಸಮಾಲೋಚಕರಿಗೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಉಳಿದ ಗುಳಿಗೆ ಎಣಿಸಬೇಕು, ಮುಂದಿನ ತಾರೀಕು ಬರೆಯಬೇಕು. ಗಂಡಸರೋ ದುಃಖ ಅನ್ನುವುದಿಲ್ಲ. 'ನಿದ್ದಿ ಹತ್ತೂದಿಲ್ರಿ', 'ಕೈಕಾಲಾಗ ತ್ರಾಣ ಇಲ್ರಿ' ಅನ್ನುತ್ತಾರೆ. ವಿಟಮಿನ್ ಬರೆದುಕೊಟ್ಟರೆ ಅಲ್ಲಿಗೆ ಮುಗಿಯಿತು.

ಕೇಳಿ ಪಡೆಯಬೇಕಾದದ್ದು ಪಿಎಚ್‌ಕ್ಯೂ-9 ಎಂಬ, ಖಿನ್ನತೆ ಅಳೆಯುವ ಪ್ರಶ್ನಾವಳಿ. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. 10 ಅಥವಾ ಹೆಚ್ಚು ಬಂದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವಿಭಾಗಕ್ಕೆ ಚೀಟಿ ಬರೆಸಿಕೊಳ್ಳಿ. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದು. ಅದಕ್ಕೆ ಹೌದೆಂದರೆ ಅಂಕ ಕೂಡಿಸುತ್ತ ಕೂರಬಾರದು, ಅವತ್ತೇ ಮನೋವೈದ್ಯರ ಹತ್ತಿರ ಹೋಗಬೇಕು.

ಮಾತಿನ ಚಿಕಿತ್ಸೆ ಅಂದರೆ ವಾರಕ್ಕೊಮ್ಮೆ 45–50 ನಿಮಿಷ, ಸಾಮಾನ್ಯವಾಗಿ 8ರಿಂದ 16 ಸಲ. ಮೊದಲು ದಿನಚರಿ ಕೆದಕುತ್ತಾರೆ: ಚಹಾ ಅಂಗಡಿಗೆ, ಜಾತ್ರೆಗೆ ಹೋಗುವುದು ಯಾವಾಗ ಬಿಟ್ಟಿತು? ಬಿಟ್ಟದ್ದರಲ್ಲಿ ಒಂದನ್ನು ವಾರ, ಹೊತ್ತು ಗೊತ್ತುಮಾಡಿ ಮತ್ತೆ ಶುರುಮಾಡಿಸುತ್ತಾರೆ. ನಡುವಿನ ವಾರಗಳೇ ಕಠಿಣ. ಹೆಂಡತಿಗೆ ಹೇಗೆ ಹೇಳುವುದು ಎಂಬುದನ್ನು ಅಲ್ಲೇ ಆಡಿ ನೋಡಬೇಕು, ಅವಳ ಸಿಟ್ಟನ್ನೂ ಸೇರಿಸಿ. 'ನಾ ಮುಟ್ಟಿದ್ದೆಲ್ಲಾ ಹಾಳು' ಅನ್ನುವವನಿಗೆ ವೈರಲ್ ಲೋಡ್ ಚೀಟಿಯೇ ಉತ್ತರ: ವೈರಾಣು ಪತ್ತೆಯಾಗದ ಮಟ್ಟಕ್ಕಿಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸೋಂಕು ದಾಟುವುದಿಲ್ಲ. 'ದೇವರ ಮ್ಯಾಲ ಭಾರ ಹಾಕ್ರಿ' ಎಂದು ಎಬ್ಬಿಸಿ ಕಳಿಸಿದರೆ ಅದು ಉಪದೇಶ, ಚಿಕಿತ್ಸೆಯಲ್ಲ.

ಕೆಡುವುದು ಎಲ್ಲಿ? ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯುವ ಗ್ಯಾಂಗು ಊರು ಬಿಡುತ್ತದೆ, ಚಿಕಿತ್ಸೆ ಮೂರನೇ ವಾರಕ್ಕೆ ನಿಲ್ಲುತ್ತದೆ. ಹೊರಡುವ ತಾರೀಕು ಮೊದಲೇ ಹೇಳಿದರೆ ಉಳಿದದ್ದನ್ನು ಫೋನಿನಲ್ಲಿ ಮಾಡಬಹುದೇ ಎಂದು ಗೊತ್ತುಮಾಡಿಕೊಳ್ಳಬಹುದು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಪುಕ್ಕಟೆ, ಕನ್ನಡದಲ್ಲೂ ಸಿಗುತ್ತದೆ; ಆದರೆ ವಾರವಾರವೂ ಅದೇ ಧ್ವನಿ ಸಿಕ್ಕೀತೆಂದು ನಂಬಿ ಕೂರಬೇಡಿ.

ಇನ್ನೊಂದು, ನಿದ್ದೆ. ಎಚ್‌ಐವಿಗೆ ಕೊಡುವ ಟಿಎಲ್‌ಡಿ ಗುಳಿಗೆಯಲ್ಲಿರುವ ಡೊಲುಟೆಗ್ರಾವಿರ್ ಎಂಬ ಔಷಧ ಕೆಲವರ ನಿದ್ದೆ ಕೆಡಿಸುತ್ತದೆ. ಡಾಕ್ಟರನ್ನು ಕೇಳಿ ರಾತ್ರಿಯ ಗುಳಿಗೆಯನ್ನು ಬೆಳಗ್ಗೆಗೆ ಬದಲಿಸದಿದ್ದರೆ, ಗುಳಿಗೆ ಕೆಡಿಸಿದ ನಿದ್ದೆಗೆ ವಾರಗಟ್ಟಲೆ ಚಿಂತೆಯಲ್ಲಿ ಕಾರಣ ಹುಡುಕಿದಂತಾಗುತ್ತದೆ.

ಗುಟ್ಟಿನ ಮಾತು: ಎಚ್‌ಐವಿ ಕಾಯ್ದೆ 2017ರ ಪ್ರಕಾರ ಒಪ್ಪಿಗೆಯಿಲ್ಲದೆ ಸೋಂಕಿನ ವಿಷಯ ಹೊರಹಾಕುವಂತಿಲ್ಲ, ಸಂಗಾತಿಗೆ ತಿಳಿಸಲು ಷರತ್ತಿನ ವಿನಾಯಿತಿ ಇದೆ, ಅದನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ. ಮನೋವೈದ್ಯರಿಗೆ ಮಾತ್ರ ಎಆರ್‌ಟಿ ಮುಚ್ಚಿಡಬೇಡಿ. ಫಿಟ್ಸ್‌ಗೂ ಕೆಲವು ಮನೋರೋಗಕ್ಕೂ ಕೊಡುವ ಕಾರ್ಬಮಾಜೆಪಿನ್‌ನಂಥ ಗುಳಿಗೆ ಡೊಲುಟೆಗ್ರಾವಿರ್‌ನ ಮಟ್ಟವನ್ನು ರಕ್ತದಲ್ಲಿ ಇಳಿಸಿಬಿಡುತ್ತದೆ.