ಒಂದೇ ಹಾರ್ಮೋನಿಯಂ, ನಾಲ್ಕು ಕಡೆ: ರೀಲ್ಸ್, ಯೂಟ್ಯೂಬ್, ಪಾಡ್‌ಕಾಸ್ಟ್, ವಾಟ್ಸಾಪ್

ಬೆಂಗಳೂರಿನ ಬಳೇಪೇಟೆಯ ವಾದ್ಯದಂಗಡಿಗಳ ನಡುವೆ ಹಾರ್ಮೋನಿಯಂ ರಿಪೇರಿ ಮಾಡುವ ಯಜಮಾನರೊಬ್ಬರಿದ್ದಾರೆ. ಅವರ ಕೆಲಸವನ್ನು ಶೂಟ್ ಮಾಡಿಕೊಂಡು ಬಂದು ಅದೇ ಸರಕನ್ನು ನಾಲ್ಕು ಕಡೆ ಹಾಕಿ ನೋಡಿದೆ. ಇನ್‌ಸ್ಟಾಗ್ರಾಂ ರೀಲ್ಸ್‌ಗೆ ತುಂಡು, ಯೂಟ್ಯೂಬಿಗೆ ಉದ್ದ ವಿಡಿಯೊ, ಪಾಡ್‌ಕಾಸ್ಟಿಗೆ ಬರೀ ಸದ್ದು, ವಾಟ್ಸಾಪ್ ಚಾನೆಲ್ಲಿಗೆ ಫೋಟೊ ಮತ್ತು ನಾಲ್ಕು ಪ್ಯಾರಾ ಬರಹ. ಕನ್ನಡದಲ್ಲಿ ಚಾನೆಲ್ ಶುರು ಮಾಡಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳುವವರು ಈಗೀಗ ಜಾಸ್ತಿಯಾಗಿದ್ದಾರೆ, ಅವರಿಗೆ ಉಪಯೋಗವಾದೀತು. ನನ್ನದು ನಿಧಾನದ ಸರಕು ಅನ್ನೋದು ನೆನಪಿರಲಿ. ಕಾಮಿಡಿ ಮಾಡುವವರಿಗೆ, ಮೇಕಪ್ ಹೇಳಿಕೊಡುವವರಿಗೆ ಲೆಕ್ಕ ಬೇರೆಯೇ ಬರುತ್ತದೆ.

ಅಳತೆಗೆ ವ್ಯೂಸ್ ಇಟ್ಟುಕೊಳ್ಳಲಿಲ್ಲ. ಯಾವುದನ್ನು ನೋಡಿದ ಮೇಲೆ ಯಜಮಾನರ ಅಂಗಡಿಗೆ ಯಾರು ಬಂದರು, ಯಾಕೆ ಬಂದರು ಅನ್ನೋದನ್ನು ಗಮನಿಸಿದೆ. ನನ್ನ ಜೇಬಿಗೆ ಏನು ಬಂತು ಅನ್ನೋದನ್ನೂ ನೋಡಿದೆ ಅನ್ನಿ.

ರೀಲ್ಸ್ ಮೊದಲು. ತಿದಿ ಒತ್ತಿದರೆ ಅಪಸ್ವರ, ಸ್ವರ ಹೊರಡಿಸುವ ಹಿತ್ತಾಳೆ ರೀಡಿನ ಮೇಲೆ ಒಂದು ಕೆರೆತ, ಮತ್ತೆ ಒತ್ತಿದರೆ ಶುದ್ಧ ಸ್ವರ. ಇಷ್ಟೇ ಇಟ್ಟು ಅರ್ಧ ನಿಮಿಷದ ತುಂಡು ಮಾಡಿದೆ. ನನ್ನ ಅಕೌಂಟಿನಲ್ಲಿ ಅಷ್ಟು ಜನ ನೋಡಿದ್ದು ಇನ್ನೊಂದಿಲ್ಲ. ರಾತ್ರಿ ಹಾಕಿದ್ದು, ಬೆಳಗ್ಗೆ ಹಾಲು ತರುವಷ್ಟರಲ್ಲಿ ಶಿರಸಿಯಿಂದ ದುಬೈವರೆಗೂ ಓಡಾಡಿಕೊಂಡು ಬಂದಿತ್ತು. ಕಾಮೆಂಟಿನ ತುಂಬ ಚಪ್ಪಾಳೆ, ಬೆಂಕಿ, ಕೆಂಪು ಹೃದಯ. ಎಲ್ಲಿ ಕೆರೆದರು, ಯಾಕೆ ಕೆರೆದರು ಅಂತ ಕೇಳಿದವರು ಮಾತ್ರ ಬೆರಳೆಣಿಕೆ. ಅಂಗಡಿಗೂ ಜನ ಬಂದರು, ಬಹುಪಾಲು ಕಾಲೇಜು ಹುಡುಗರು, ಕೈಯಲ್ಲಿ ಫೋನು. ‘ತಾತ, ಆ ಕೆರೆಯೋದನ್ನ ಇನ್ನೊಂದ್ಸಲ ಮಾಡಿ ತೋರ್ಸಿ’ ಅಂತ. ಯಜಮಾನರು ಕನ್ನಡಕ ಹಣೆಗೇರಿಸಿ ಹೇಳಿದರಂತೆ: ‘ಸರಿಯಾಗಿರೋ ರೀಡನ್ನ ಮತ್ತೆ ಕೆರೆದ್ರೆ ಕೆಟ್ಟೋಗುತ್ತೆ ಕಣಪ್ಪ.’

ದುಡ್ಡಿನ ವಿಷಯ ಇನ್ನೂ ತಮಾಷೆ. ಜಾಹೀರಾತಿನಿಂದ ಬಂದದ್ದರಲ್ಲಿ ಇಂತಿಷ್ಟು ನಿಮ್ಮದು ಅನ್ನುವ ಯೂಟ್ಯೂಬ್ ಥರದ ಪದ್ಧತಿ ನನ್ನ ರೀಲ್ಸ್‌ಗೆ ಇಲ್ಲ, ಗಳಿಕೆಯೆಲ್ಲ ಬ್ರ್ಯಾಂಡುಗಳ ಜೊತೆ ಕೊಲ್ಯಾಬ್ ಮಾಡಿ, ಅಂದರೆ ಅವರ ಪ್ರಚಾರಕ್ಕೆ ಕೈಜೋಡಿಸಿಯೇ ಬರಬೇಕು. ಆ ತುಂಡು ಓಡಿದ ಮೇಲೆ ಇಂದಿರಾನಗರದ ಕೆಫೆಯೊಂದರಿಂದ ಮೆಸೇಜ್ ಬಂತು. ‘ಹಾಯ್ ಮ್ಯಾಮ್, ಬಾರ್ಟರ್ ಕೊಲ್ಯಾಬ್ ಮಾಡೋಣ್ವಾ?’ ಅಂದರೆ ಎರಡು ಕಾಫಿ, ಒಂದು ಪಾಸ್ತಾ ಅವರು ಕೊಡುವುದು, ಒಂದು ರೀಲ್, ಎರಡು ಸ್ಟೋರಿ ನಾನು ಕೊಡುವುದು. ಹಾರ್ಮೋನಿಯಂಗೂ ಪಾಸ್ತಾಗೂ ಏನು ಸಂಬಂಧ ಅಂತ ಕೇಳಿದ್ದಕ್ಕೆ ‘ನಿಮ್ಮ ರೀಚ್ ಚೆನ್ನಾಗಿದೆ’ ಅನ್ನುವ ಉತ್ತರ. ಹೋಗಲಿಲ್ಲ. ಬಿಟ್ಟಿ ಬಂದದ್ದಕ್ಕೂ ಸರ್ಕಾರದ ಲೆಕ್ಕವಿದೆ, ಹೊಸಬರು ತಿಳಿದಿರಲಿ. 2022ರ ಜುಲೈನಿಂದ, ವ್ಯವಹಾರದ ಸಂಬಂಧದಲ್ಲಿ ವರ್ಷಕ್ಕೆ 20,000 ರೂಪಾಯಿ ಮೀರಿ ವಸ್ತು ಅಥವಾ ಸೌಲಭ್ಯ ಕೊಡುವ ಕಂಪನಿ ಅದರ ಮೇಲೆ ಶೇ. 10 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ನೋಡಿಕೊಳ್ಳಬೇಕು. ಹಾಗೆ ಏನಾದರೂ ಪಡೆದು ಹಾಕಿದ ಪೋಸ್ಟ್ ಮೇಲೆ ಇದು ಜಾಹೀರಾತು ಅಂತ ಕಾಣುವಂತೆ ನಮೂದಿಸಬೇಕು. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ಇದಕ್ಕೆ ಮಾರ್ಗಸೂಚಿಯನ್ನೇ ಹೊರಡಿಸಿದೆ.

ಯೂಟ್ಯೂಬಿಗೆ ಬಂದಾಗ ಅದೇ ಕೆಲಸವನ್ನು ಹೆಚ್ಚುಕಡಿಮೆ ಕತ್ತರಿಯಿಲ್ಲದೆ ಬಿಟ್ಟೆ. ಹಾರ್ಮೋನಿಯಂ ಒಳಗೆ ಹಿತ್ತಾಳೆ ರೀಡುಗಳ ಸಾಲು ಇರುತ್ತದೆ. ಪ್ರತಿ ರೀಡಿಗೂ ಒಂದು ನಾಲಿಗೆ. ಅದರ ಬುಡ ಪಟ್ಟಿಗೆ ಭದ್ರವಾಗಿ ಕೂತಿರುತ್ತದೆ, ತುದಿ ಗಾಳಿಗೆ ಅದುರುತ್ತದೆ. ತುದಿಯಲ್ಲಿ ಕೊಂಚ ಕೆರೆದರೆ ತೂಕ ಇಳಿದು ಸ್ವರ ಏರುತ್ತದೆ, ಬುಡದ ಹತ್ತಿರ ಕೆರೆದರೆ ಬಿಗಿ ತಗ್ಗಿ ಸ್ವರ ಇಳಿಯುತ್ತದೆ. ಯಜಮಾನರು ನಾಲಿಗೆಯ ಕೆಳಗೆ ತೆಳ್ಳನೆಯ ತಗಡೊಂದನ್ನು ತೂರಿಸಿ ಆಸರೆ ಕೊಡುತ್ತಾರೆ, ಎರಡು ಸಲ ಕೆರೆಯುತ್ತಾರೆ, ಉಫ್ ಅಂತ ಪುಡಿ ಊದುತ್ತಾರೆ, ರೀಡನ್ನು ಕೂರಿಸಿ ತಿದಿ ಒತ್ತಿ ತಲೆ ವಾರೆ ಮಾಡಿ ಕೇಳುತ್ತಾರೆ. ‘ಇನ್ನೊಂದು ಕೂದಲೆಳೆ ಕಣಮ್ಮ’ ಅಂತ ಮತ್ತೆ ಬಿಚ್ಚುತ್ತಾರೆ. ಹೀಗೆ ಬಿಚ್ಚಿ ಕೂರಿಸಿ, ಬಿಚ್ಚಿ ಕೂರಿಸಿ ಒಂದು ಸ್ವರ ಸರಿಹೋಗುತ್ತದೆ. ರೀಲ್ಸ್‌ಗಾಗಿ ನಾನು ಕತ್ತರಿಸಿ ಎಸೆದದ್ದು ಪೂರ್ತಿ ಇದೇ ಭಾಗ.

ಯೂಟ್ಯೂಬಿನವರು ನೋಡಿದ್ದೂ ಇದನ್ನೇ. ಎಲ್ಲಿ ಜನ ಬಿಟ್ಟುಹೋದರು ಅಂತ ತೋರಿಸುವ ಗೆರೆಯೊಂದಿರುತ್ತದಲ್ಲ, ಅದು ನನ್ನ ಪೀಠಿಕೆಯ ಮಾತಿಗೆ ಧಡಕ್ಕನೆ ಇಳಿದಿತ್ತು, ಯಜಮಾನರ ಕೈ ಕಂಡಲ್ಲಿಂದ ನೇರ ನಿಂತಿತ್ತು. ಬೆಳಗಾವಿ ಕಡೆಯ ಭಜನಾ ಮಂಡಳಿಯವರೊಬ್ಬರು ಕೇಳಿದರು: ‘ಅಕ್ಕಾರ, ನಮ್ಮ ಪೇಟಿದು ಕೆಳಗಿನ ಸಾ ಗೊರ್ ಗೊರ್ ಅಂತೈತ್ರಿ, ಧೂಳ ಕುಂತಿರಬಹುದೇನ್ರಿ?’ ನಾನು ಯಜಮಾನರನ್ನು ಕೇಳಿ ಹೇಳುವಷ್ಟರಲ್ಲಿ ಧಾರವಾಡದವರೊಬ್ಬರು ಉತ್ತರ ಬರೆದು, ಅವರಿಬ್ಬರದೇ ಒಂದು ಸಂಭಾಷಣೆ ನಡೆದುಹೋಗಿತ್ತು. ಕೊನೆಗೆ ಆ ಪೇಟಿ ರಾತ್ರಿ ಬಸ್ಸಿನಲ್ಲಿ ಮೆಜೆಸ್ಟಿಕ್ಕಿಗೆ ಬಂದಿಳಿಯಿತು.

ಗಳಿಕೆ? ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಸಬ್‌ಸ್ಕ್ರೈಬರ್ ಬೇಕು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ (ಯೂಟ್ಯೂಬಿನದೇ ತುಂಡು ವಿಡಿಯೊ) 1 ಕೋಟಿ ವೀಕ್ಷಣೆ. ಉದ್ದ ವಿಡಿಯೊದಲ್ಲಿ ನಮ್ಮ ಪಾಲು ಶೇ. 55. ಶಾರ್ಟ್ಸ್‌ಗೆ 2023ರ ಫೆಬ್ರವರಿಯಿಂದ ಪಾಲು ಕೊಡುತ್ತಿದ್ದಾರೆ, ಶೇ. 45. ಅದೂ ಶಾರ್ಟ್ಸ್ ನಡುವಿನ ಜಾಹೀರಾತಿನದ್ದೆಲ್ಲ ಒಟ್ಟು ಹಾಕಿ, ಹಾಡು ಬಳಸಿದ್ದರೆ ಹಾಡಿನವರದ್ದು ತೆಗೆದು, ವ್ಯೂಸ್ ಲೆಕ್ಕದಲ್ಲಿ ಹಂಚಿದ ಮೇಲೆ ಉಳಿಯುವ ಬಾಬತ್ತು. 100 ಡಾಲರ್ ತುಂಬುವ ತನಕ ಬ್ಯಾಂಕಿಗೆ ಏನೂ ಬರುವುದಿಲ್ಲ. ಅಮೆರಿಕದಲ್ಲಿರುವ ಕನ್ನಡಿಗರು ನೋಡಿದರೆ ಜಾಹೀರಾತಿನ ದರ ಇಲ್ಲಿಗಿಂತ ಮೇಲು. ಆದರೆ ಅಲ್ಲಿನ ವೀಕ್ಷಕರಿಂದ ಬಂದ ಗಳಿಕೆಗೆ 2021ರ ಜೂನ್‌ನಿಂದ ಅಲ್ಲಿನ ತೆರಿಗೆ ಹಿಡಿಯುತ್ತಾರೆ. ತೆರಿಗೆ ಫಾರಂ ತುಂಬಿ ಎರಡು ದೇಶಗಳ ತೆರಿಗೆ ಒಪ್ಪಂದದ ದರ ಕೇಳಿದರೆ ಭಾರತದವರಿಗೆ ಶೇ. 15, ತುಂಬದೆ ಬಿಟ್ಟರೆ ಅದಕ್ಕಿಂತ ಜಾಸ್ತಿ ಹೋಗುತ್ತದೆ.

ಪೇಟೆಯಲ್ಲಿ ಶೂಟ್ ಮಾಡುವವರಿಗೆ ಇನ್ನೊಂದು ಕಾಟವಿದೆ. ಪಕ್ಕದಂಗಡಿಯ ಟಿವಿಯಲ್ಲಿ ಯಾವುದೋ ಹಳೆಯ ಸಿನಿಮಾ ಹಾಡು ಬರುತ್ತಿತ್ತು, ಅದು ನನ್ನ ಮೈಕಿಗೂ ಬಿತ್ತು. ವಿಡಿಯೊ ಹಾಕಿದ ಕೂಡಲೇ ಈ ಹಾಡಿನ ಹಕ್ಕು ನಮ್ಮದು ಅಂತ ಮ್ಯೂಸಿಕ್ ಕಂಪನಿಯೊಂದರ ಕ್ಲೇಮ್. ಆ ಚೂರನ್ನು ಮ್ಯೂಟ್ ಮಾಡಿದ ಮೇಲೇ ಬಿಡುಗಡೆ. ಈಗ ಶೂಟಿಂಗಿಗೆ ಹೋದರೆ ಮೊದಲು ಅಕ್ಕಪಕ್ಕದ ಅಂಗಡಿಗೆ ಹೋಗಿ ‘ಅಣ್ಣ, ಹತ್ತು ನಿಮಿಷ ಟಿವಿ ಸೌಂಡ್ ಕಮ್ಮಿ ಮಾಡ್ತೀರಾ’ ಅಂತ ಕೇಳಿಕೊಂಡು ಬರುತ್ತೇನೆ. ಇಲ್ಲ ಅಂದವರು ಯಾರೂ ಇಲ್ಲ, ಟೀ ಕೊಡಿಸಿದವರಿದ್ದಾರೆ.

ಪಾಡ್‌ಕಾಸ್ಟ್ ನನಗೆ ಇಷ್ಟದ್ದು, ಆದ್ದರಿಂದ ಇಲ್ಲಿ ನನ್ನ ಮಾತನ್ನು ಸ್ವಲ್ಪ ಜರಡಿ ಹಿಡಿದೇ ಕೇಳಿ. ಸ್ವರ ಕೂದಲೆಳೆಯಷ್ಟು ಸರಿಯುವುದು ಕಣ್ಣಿಗಿಂತ ಕಿವಿಗೆ ಚೆನ್ನಾಗಿ ಗೊತ್ತಾಗುತ್ತದೆ, ನಾಲ್ಕರಲ್ಲಿ ನನಗೆ ತೃಪ್ತಿ ಕೊಟ್ಟ ಎಡಿಟ್ ಇದೇ. ಈ ಊರಿಗೆ ಕೇಳುವ ಅಭ್ಯಾಸವೂ ಹೊಸದಲ್ಲ. ದೇಶದ ಮೊದಲ ಖಾಸಗಿ ಎಫ್‌ಎಂ ಸ್ಟೇಷನ್ 2001ರ ಜುಲೈನಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತವರಿಗೆ ಕಿವಿ ಬಿಟ್ಟರೆ ಬೇರೇನು ಖಾಲಿಯಿರುತ್ತದೆ ಹೇಳಿ. ಹಾಗಿದ್ದೂ ಕೇಳಿದವರು ಕಡಿಮೆ. ಕೇಳಿದವರು ಕೊನೆಯವರೆಗೂ ಕೇಳಿದರು, ಉದ್ದುದ್ದ ಇಮೇಲ್ ಬರೆದರು, ಜಾಹೀರಾತುದಾರರು ಮಾತ್ರ ಇತ್ತ ತಲೆ ಹಾಕಲಿಲ್ಲ. ‘ವಿಡಿಯೊ ಇಲ್ವಾ ಮೇಡಂ?’ ಅನ್ನುವುದೇ ಎಲ್ಲರ ಪ್ರಶ್ನೆ. ಎರಡು ಕುರ್ಚಿ, ಎರಡು ಮೈಕು, ಹಿಂದೊಂದು ನಿಯಾನ್ ದೀಪ ಇಟ್ಟು ಯೂಟ್ಯೂಬಿಗೆ ಹಾಕಿದರೆ ಅದೇ ಮಾತಿಗೆ ಪ್ರಾಯೋಜಕರು ಸಿಗುತ್ತಾರೆ. ಯಜಮಾನರನ್ನು ಆ ಕುರ್ಚಿಯಲ್ಲಿ ಕೂರಿಸಲು ನನಗೆ ಮನಸ್ಸು ಬರಲಿಲ್ಲ, ಅವರ ಕೈಗೆ ಅಲ್ಲಿ ಕೆಲಸವಿಲ್ಲ. ಪಾಡ್‌ಕಾಸ್ಟ್ ಕೇಳಿ ಅಂಗಡಿಗೆ ಬಂದವರು ಒಬ್ಬರು, ನಿವೃತ್ತ ಸಂಗೀತ ಮೇಡಂ. ಮಧ್ಯಾಹ್ನವಿಡೀ ಕೂತು ಶ್ರುತಿ ಬಗ್ಗೆ ಯಜಮಾನರ ಜೊತೆ ವಾದ ಮಾಡಿ ಹೋದರಂತೆ.

ವಾಟ್ಸಾಪ್ ಚಾನೆಲ್ ಭಾರತಕ್ಕೆ ಬಂದದ್ದು 2023ರ ಸೆಪ್ಟೆಂಬರಿನಲ್ಲಿ. ಅದರಿಂದ ನೇರವಾಗಿ ನನಗೆ ಒಂದು ರೂಪಾಯಿಯೂ ಹುಟ್ಟಲಿಲ್ಲ. ನೋಡಲು ಸಪ್ಪೆ, ಹೊಸಬರಿಗೆ ನಮ್ಮನ್ನು ತೋರಿಸುವ ಆಲ್ಗಾರಿದಮ್ಮಿನ ಉಪಕಾರವೂ ಅಲ್ಲಿ ಅಷ್ಟಕ್ಕಷ್ಟೆ. ಆದರೆ ಅಮ್ಮ, ಚಿಕ್ಕಮ್ಮ, ಸೊಸೈಟಿ ಗ್ರೂಪು, ದೇವಸ್ಥಾನದ ಗ್ರೂಪು ಅಂತ ಫಾರ್ವರ್ಡ್ ಆಗುತ್ತ ಹೋಗುವ ದಾರಿಯೇ ಬೇರೆ. ಬಳೇಪೇಟೆ ನಡಿಗೆ ಇಟ್ಟುಕೊಂಡಿದ್ದೇನೆ, ಚಿಕ್ಕಪೇಟೆ ಮೆಟ್ರೊ ಸ್ಟೇಷನ್ ಹತ್ತಿರ ಸೇರೋಣ ಅಂತ ಒಂದು ಸಾಲು ಹಾಕಿದೆ. ಶನಿವಾರವೇ ಇಟ್ಟೆ, ಭಾನುವಾರ ಅಲ್ಲಿ ಮುಕ್ಕಾಲು ಶಟರ್ ಇಳಿದಿರುತ್ತದೆ. ತಲೆಗಿಷ್ಟು ಅಂತ ಯುಪಿಐನಲ್ಲಿ ಹಾಕಿ ಬಂದರು. ಉಳಿದ ಮೂರೂ ಕಡೆಯಿಂದ ಬಂದದ್ದನ್ನು ಒಟ್ಟು ಸೇರಿಸಿದರೂ ಆ ನಡಿಗೆಗಳ ದುಡ್ಡಿಗೆ ಸಮ ಬರಲಿಲ್ಲ. ನಡೆದು ಹೋದವರ ಮನೆಯ ಅಟ್ಟಗಳಿಂದ ಹಾರ್ಮೋನಿಯಂಗಳು ಇಳಿದು ಬಂದವು. ಜಿರಲೆ ಹೊಕ್ಕದ್ದು, ತಿದಿ ಹರಿದದ್ದು, ಒಂದರೊಳಗೆ ಹಳೆಯ ಬಸ್ ಟಿಕೆಟ್ಟು. ಯಜಮಾನರಿಗೆ ಈಗ ಒಬ್ಬ ಸಹಾಯಕ ಬೇಕಂತೆ.

ವಾಟ್ಸಾಪಿನ ಬಗ್ಗೆ ನನಗೆ ಮೊದಲು ಇದ್ದ ಅಸಡ್ಡೆ ಹೋಗಲು ಇನ್ನೊಂದು ಕಾರಣವಿದೆ. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾದಾಗ ಲಕ್ಷಗಟ್ಟಲೆ ಫಾಲೋವರ್ಸ್ ಇದ್ದವರ ಗಂಟೆಲ್ಲ ಬೆಳಗಾಗುವುದರೊಳಗೆ ಹೋಯಿತು. ಮರುತಿಂಗಳೇ ರೀಲ್ಸ್ ಬಂತು, ನಮ್ಮೂರಿನ ಶೇರ್‌ಚಾಟ್ ಕಂಪನಿಯ ತುಂಡು ವಿಡಿಯೊ ಆ್ಯಪ್ ಮೋಜ್ ಬಂತು, ಸೆಪ್ಟೆಂಬರಿನಲ್ಲಿ ಶಾರ್ಟ್ಸ್ ಬಂತು, ಎಲ್ಲರೂ ಮತ್ತೆ ಒಂದರಿಂದ ಎಣಿಸಿದರು. ಟ್ವಿಟರ್ ಥರದ, ಬೆಂಗಳೂರಿನದೇ ಆದ ‘ಕೂ’ ಆ್ಯಪ್ 2024ರ ಜುಲೈನಲ್ಲಿ ಬಾಗಿಲು ಹಾಕಿತು. ಅದೇ ವರ್ಷ ಗೂಗಲ್ ಪಾಡ್‌ಕಾಸ್ಟ್ಸ್ ಆ್ಯಪ್ ಕೂಡ ಮುಚ್ಚಿತು. ಚಾನೆಲ್ ಫಾಲೋ ಮಾಡುವವರ ನಂಬರ್ ವಾಟ್ಸಾಪಿನಲ್ಲೂ ನಮಗೆ ಕಾಣುವುದಿಲ್ಲ. ಆದರೆ ಅಲ್ಲಿ ನೋಡಿ ನಡಿಗೆಗೆ ಬಂದವರು ತಾವಾಗಿಯೇ ಹೆಸರು, ನಂಬರ್ ಬರೆದುಕೊಟ್ಟ ನೋಟ್‌ಬುಕ್ ಮಾತ್ರ ನನ್ನ ಬೀರುವಿನಲ್ಲಿದೆ.

ಒಂದನ್ನೇ ಇಟ್ಟುಕೊ ಅಂದರೆ ಯೂಟ್ಯೂಬಿನ ಉದ್ದ ವಿಡಿಯೊ ಇಟ್ಟುಕೊಳ್ಳುತ್ತೇನೆ. ವರ್ಷ ಕಳೆದ ಮೇಲೂ ಯಾರೋ ಹುಡುಕಿಕೊಂಡು ಬರುತ್ತಾರೆ, ರೀಲ್ಸ್‌ನಲ್ಲಿ ಹೋದ ವಾರದ್ದೇ ಹಳತು. ಎರಡಿಟ್ಟುಕೊ ಅಂದರೆ ಜೊತೆಗೆ ವಾಟ್ಸಾಪ್. ರೀಲ್ಸ್ ಬಿಟ್ಟಿಲ್ಲ, ಅಂಗಡಿಯ ಹೆಸರು ಮಾತ್ರ ಈಗ ಅಲ್ಲಿ ಹಾಕುವುದಿಲ್ಲ, ಅದು ಯಜಮಾನರದೇ ಷರತ್ತು.

ಕ್ಯಾಮೆರಾ ಯಾವುದು ಅಂತ ಕೇಳುವವರಿಗೆ: ಕೈಯಲ್ಲಿರುವ ಫೋನೇ ಸಾಕು, ದುಡ್ಡನ್ನು ಮೈಕಿಗೆ ಹಾಕಿ. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ ನಾಲ್ಕು ಕಡೆ ವಿಚಾರಿಸಿ, ಕಾಲರಿಗೆ ಸಿಕ್ಕಿಸುವ ವೈರ್‌ಲೆಸ್ ಮೈಕನ್ನು ರಸ್ತೆಗೇ ತಂದು ಹಾರ್ನ್ ಸದ್ದಿನ ನಡುವೆ ರೆಕಾರ್ಡ್ ಮಾಡಿ ಕೇಳಿ ನೋಡಿ. ಗಾಳಿ ತಡೆಯುವ ತುಪ್ಪಳದ ಟೋಪಿ ಡಬ್ಬಿಯಲ್ಲಿದೆಯಾ ಅಂತ ನೋಡಿಕೊಳ್ಳಿ. ಬಿಲ್ ಕೇಳಿ ಇಸ್ಕೊಳ್ಳಿ.