ರೈಲು ಸಂಗ್ರಹಾಲಯಕ್ಕೆ ಶೈಕ್ಷಣಿಕ ಪ್ರವಾಸ: ಮೂರು ಬಗೆ, ನನ್ನ ಆಯ್ಕೆ

ಏಳು ಮತ್ತು ಎಂಟನೆಯ ತರಗತಿಯ 60 ಮಕ್ಕಳನ್ನು ಪಾರಂಪರಿಕ ರೈಲು ಸಂಗ್ರಹಾಲಯಕ್ಕೆ ನಾನು ಮೂರು ವರ್ಷ ಮೂರು ಬಗೆಯಲ್ಲಿ ಕರೆದೊಯ್ದಿದ್ದೇನೆ. ಮೊದಲ ವರ್ಷ ಸಂಗ್ರಹಾಲಯದ ಮಾರ್ಗದರ್ಶಕರು ಮಕ್ಕಳನ್ನು ಒಟ್ಟಾಗಿ ಸುತ್ತಾಡಿಸಿ ವಿವರಿಸಿದರು. ಎರಡನೆಯ ವರ್ಷ ಉಗಿಬಂಡಿಯ ಸವಾರಿಯೂ ಸೇರಿದ ಪ್ಯಾಕೇಜನ್ನು ಕೊಂಡೆವು. ಮೂರನೆಯ ವರ್ಷ ನಾವೇ ಸಿದ್ಧಪಡಿಸಿದ ಪ್ರಶ್ನೆಹಾಳೆಗಳನ್ನು ಕೈಗಿತ್ತು ಹತ್ತು ಹತ್ತು ಮಕ್ಕಳ ಗುಂಪುಗಳಲ್ಲಿ ನೋಡಲು ಬಿಟ್ಟೆವು. ನನಗೆ ಮೆಚ್ಚುಗೆಯಾದದ್ದು ಈ ಮೂರನೆಯ ಬಗೆ. ಮೊದಲೆರಡು ವರ್ಷ ನಮ್ಮನ್ನು ಸೋಲಿಸಿದ್ದು ವಿವರಣೆಯ ಕೊರತೆಯಲ್ಲ, ಎಂಜಿನ್ನಿನ ಕ್ಯಾಬಿಗೆ ಹತ್ತುವ ಮೆಟ್ಟಿಲು.

ಈ ಮೆಟ್ಟಿಲಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೊರಡುವ ಮುನ್ನ ನನಗೆ ಯಾರೂ ಇದನ್ನು ಹೇಳಿರಲಿಲ್ಲ. ಉಗಿ ಎಂಜಿನ್ನಿನ ಕ್ಯಾಬ್ ಎಂದರೆ ಡ್ರೈವರ್ ಮತ್ತು ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮ್ಯಾನ್ ನಿಂತು ದುಡಿಯಲು ಮಾಡಿದ ಜಾಗ. ಅಲ್ಲಿ ಒಮ್ಮೆಗೆ ಐದು ಮಕ್ಕಳಿಗಿಂತ ಹೆಚ್ಚು ಜನ ನಿಲ್ಲಲಾಗುವುದಿಲ್ಲ. ಮೆಟ್ಟಿಲುಗಳು ಕಡಿದಾಗಿದ್ದು, ಒಂದರಿಂದ ಇನ್ನೊಂದಕ್ಕೆ ಬಹಳ ಎತ್ತರವಿರುವುದರಿಂದ ಪ್ರತಿಯೊಬ್ಬರನ್ನೂ ಕೈಹಿಡಿದು ಹತ್ತಿಸಿ, ಬೆನ್ನು ಹೊರಗೆ ಮಾಡಿಸಿ ಇಳಿಸಬೇಕಾಗುತ್ತದೆ. ಐವರಿಗೆ ನಾಲ್ಕು ನಿಮಿಷವೆಂದರೂ 60 ಮಕ್ಕಳಿಗೆ 12 ಸರದಿ, ಅಂದರೆ 48 ನಿಮಿಷ. ನಮಗೆ ಸಿಕ್ಕಿದ್ದ ಒಟ್ಟು ಅವಧಿ ಒಂದೂವರೆ ಗಂಟೆ.

ಹಾಗೆಂದು ಕ್ಯಾಬನ್ನು ಕೈಬಿಡುವಂತೆಯೂ ಇಲ್ಲ, ಮಕ್ಕಳು ಮನೆಯಿಂದ ಹೊರಟದ್ದೇ ಅದಕ್ಕಾಗಿ. ಮೊದಲ ವರ್ಷ ಮೊದಲ ಸರದಿಯವರಿಗೆ ಮಾರ್ಗದರ್ಶಕರು ಬೆಂಕಿಗೂಡಿನ ನೆತ್ತಿಯಲ್ಲಿರುವ ಸೀಸದ ಬೆಣೆಯ ಬಗ್ಗೆ ಸೊಗಸಾಗಿ ಹೇಳಿದರು: ಬಾಯ್ಲರಿನಲ್ಲಿ ನೀರು ಅಪಾಯದ ಮಟ್ಟಕ್ಕಿಂತ ಕೆಳಗಿಳಿದರೆ ಆ ಬೆಣೆ ಕರಗಿ, ಉಗಿ ಬೆಂಕಿಯ ಮೇಲೆಯೇ ನುಗ್ಗಿ ಎಚ್ಚರಿಸುತ್ತದೆ. ಏಳನೆಯ ಸರದಿಯ ಹೊತ್ತಿಗೆ ಅವರ ದನಿ ಬಿದ್ದುಹೋಗಿತ್ತು. ಕೊನೆಯ ಸರದಿಯವರಿಗೆ ಸಿಕ್ಕಿದ್ದು ಹಿಡಿಕೆಯೊಂದನ್ನು ಮುಟ್ಟಿ ಇಳಿಯುವಷ್ಟು ಸಮಯ ಮಾತ್ರ. ಕೆಳಗೆ ಕಾಯುತ್ತಿದ್ದವರು ಬಿಸಿಲಿನಲ್ಲಿ ಸಾಲುಗಟ್ಟಿ ನಿಂತು ಬೇಸತ್ತಿದ್ದರು. ಸಿಗ್ನಲ್ ಲಿವರ್‌ಗಳಿದ್ದ ಕೋಣೆಯನ್ನು ಹೊರಗಿನಿಂದ ತೋರಿಸಿಯೇ ಹಿಂದಿರುಗಬೇಕಾಯಿತು. ಎರಡನೆಯ ವರ್ಷವೂ ಸವಾರಿ ಮುಗಿದೊಡನೆ ಎಲ್ಲರೂ ಇಳಿದು ಅದೇ ಮೆಟ್ಟಿಲಿಗೆ ಮುತ್ತಿದರು.

ಸವಾರಿಯ ಬಗ್ಗೆ ನ್ಯಾಯವಾಗಿ ಹೇಳುವುದಾದರೆ, ಅದು ಕಲಿಸುವುದನ್ನು ನಿಂತ ಎಂಜಿನ್ ಕಲಿಸಲಾರದು. ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಪ್ರತಿ ಪಿಸ್ಟನ್ನನ್ನೂ ಉಗಿ ಎರಡೂ ಕಡೆಯಿಂದ ತಳ್ಳುವುದರಿಂದ ಚಕ್ರದ ಒಂದು ಸುತ್ತಿಗೆ ಉಗಿ ಹೊರಬೀಳುವ ನಾಲ್ಕು ಉಸಿರು ಕೇಳಿಸುತ್ತವೆ. ಬಂಡಿ ಆಗತಾನೆ ಹೊರಟಾಗ ಅವನ್ನು ಮಕ್ಕಳು ಎಣಿಸಬಹುದು. ಆದರೆ ಆ ದಿನ ನಮ್ಮ ಬೋಗಿಗಳನ್ನು ಎಳೆದದ್ದು ಡೀಸೆಲ್ ಎಂಜಿನ್. ತಣ್ಣಗಿರುವ ಬಾಯ್ಲರಿನಲ್ಲಿ ಉಗಿ ಏರಿಸಲು ಹಲವು ಗಂಟೆಗಳು ಬೇಕಾಗುವುದರಿಂದ, ಬೆಳಗಿನ ಜಾವವೇ ಬೆಂಕಿ ಹಾಕಿರದಿದ್ದರೆ ಆಮೇಲೆ ಏನೂ ಮಾಡುವಂತಿಲ್ಲ. ಪ್ರವಾಸದ ಖರ್ಚಿನಲ್ಲಿ ಅತಿ ದೊಡ್ಡ ಪಾಲು ಆ ಟಿಕೆಟ್ಟಿನದೇ ಆಗಿತ್ತೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಮೂರನೆಯ ವರ್ಷ ಆರು ಗುಂಪು, ಆರು ಠಾವು, ಠಾವಿಗೆ 15 ನಿಮಿಷ ಎಂದು ಲೆಕ್ಕ ಹಾಕಿದೆವು. ಎಂಜಿನ್ನಿನ ಬಳಿ ಐವರು ಮೇಲೆ ಹತ್ತಿದರೆ ಉಳಿದ ಐವರಿಗೆ ಕೆಳಗೆ ಚಕ್ರದ ಕೆಲಸ. ಅರ್ಧ ಅವಧಿಗೆ ಅದಲುಬದಲು. ಹಳಿಯ ಮೇಲ್ಮೈಯಿಂದ ಅಚ್ಚಿನ ನಡುವಿನವರೆಗೆ ಟೇಪಿನಲ್ಲಿ ಅಳೆದಾಗ ಮಕ್ಕಳಿಗೆ 75 ಸೆಂ.ಮೀ. ಬಂತು. ವ್ಯಾಸ ಒಂದೂವರೆ ಮೀಟರ್, ಸುತ್ತಳತೆ ಸುಮಾರು 4.71 ಮೀಟರ್, ಗಂಟೆಗೆ 60 ಕಿ.ಮೀ. ವೇಗದಲ್ಲಿ ಈ ಚಕ್ರ ನಿಮಿಷಕ್ಕೆ ಸುಮಾರು 212 ಸುತ್ತು ತಿರುಗಬೇಕು. 1938ರಲ್ಲಿ ಗಂಟೆಗೆ 203 ಕಿ.ಮೀ. ವೇಗದ ದಾಖಲೆ ಮಾಡಿದ, ಈಗ ಇಂಗ್ಲೆಂಡಿನ ಯಾರ್ಕ್‌ನ ರಾಷ್ಟ್ರೀಯ ರೈಲ್ವೆ ಸಂಗ್ರಹಾಲಯಕ್ಕೆ ಸೇರಿದ ಮ್ಯಾಲಾರ್ಡ್ ಎಂಜಿನ್ನಿನ ಚಾಲಕ ಚಕ್ರದ ವ್ಯಾಸ 2.03 ಮೀಟರ್ ಎಂದು ಹಾಳೆಯ ಕೆಳಗೆ ಬರೆದಿದ್ದೆ. ವೇಗದ ಎಂಜಿನ್ನಿಗೆ ದೊಡ್ಡ ಚಕ್ರ ಏಕೆ ಎಂಬುದನ್ನು ಆಮೇಲೆ ನಾನು ಹೇಳಿಕೊಡಬೇಕಾಗಲಿಲ್ಲ.

ಹಾಳೆಯಲ್ಲಿದ್ದ ಇನ್ನೊಂದು ಪ್ರಶ್ನೆ: ಪಿಸ್ಟನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ಎಡಗಡೆಯ ರಾಡೂ ಬಲಗಡೆಯ ರಾಡೂ ಚಕ್ರಕ್ಕೆ ಒಂದೇ ಎತ್ತರದಲ್ಲಿ ಜೋಡಿಸಿಕೊಂಡಿವೆಯೇ? ಒಬ್ಬ ಹುಡುಗಿ ಮಂಡಿಯೂರಿ ಎಡಗಡೆ ನೋಡಿದಳು, ಎಂಜಿನ್ನಿನ ಮುಂಭಾಗವನ್ನು ಸುತ್ತಿಕೊಂಡು ಬಲಗಡೆಗೆ ಹೋಗಿ ನೋಡಿದಳು, ನಂಬಿಕೆಯಾಗದೆ ಮತ್ತೆ ಎಡಗಡೆಗೆ ಬಂದಳು. ಅಲ್ಲಿ ರಾಡಿನ ತುದಿ ಚಕ್ರದ ತಳಭಾಗದಲ್ಲಿತ್ತು. ಬಲಗಡೆ ಅದು ಅಚ್ಚಿನ ಮಟ್ಟದಲ್ಲಿ ಮುಂದಕ್ಕೆ ಚಾಚಿತ್ತು. ಎರಡರ ನಡುವೆ 90 ಡಿಗ್ರಿಯ ಅಂತರ. ಒಂದು ಪಿಸ್ಟನ್ ತುದಿ ತಲುಪಿ ತಳ್ಳಲಾಗದೆ ನಿಂತಾಗ ಇನ್ನೊಂದು ತನ್ನ ಪೂರ್ಣ ಬಲದಿಂದ ತಿರುಗಿಸುತ್ತದೆ. ಎಂಜಿನ್ ಎಲ್ಲಿ ನಿಂತರೂ ಮತ್ತೆ ಹೊರಡಬಲ್ಲದು. ಸೈಕಲ್ಲಿನ ಪೆಡಲ್ ನೆಟ್ಟಗೆ ಮೇಲಿದ್ದಾಗ ತುಳಿದರೆ ಸಾಗದಲ್ಲ ಎಂದು ಆಕೆಯೇ ಗೆಳತಿಯರಿಗೆ ಹೇಳುತ್ತಿದ್ದುದನ್ನು ನಾನು ಕೇಳಿಸಿಕೊಂಡೆ. ಮೊದಲ ವರ್ಷ ಇದೇ ಸಂಗತಿಯನ್ನು ಮಾರ್ಗದರ್ಶಕರು ಹೇಳಿದ್ದರು. ಮರುವಾರ ತರಗತಿಯಲ್ಲಿ ಕೇಳಿದಾಗ ಒಬ್ಬರಿಗೂ ನೆನಪಿರಲಿಲ್ಲ.

ಹಳಿಗಳ ಅಗಲ ಅಳೆಯುವ ಠಾವು ಐದೇ ನಿಮಿಷದಲ್ಲಿ ಮುಗಿಯುತ್ತದೆ. ಬೋಗಿಗಳ ಒಳಾಂಗಣ ಮೂರೂ ವರ್ಷ ಚೆನ್ನಾಗಿಯೇ ಇತ್ತು.

ಈ ಬಗೆಗೆ ಹಣ ಕಡಿಮೆ ಸಾಕು, ಆದರೆ ದುಡಿಮೆ ಹೆಚ್ಚು. ಶಿಕ್ಷಕರು ಒಂದು ದಿನ ಮೊದಲೇ ಹೋಗಿ, ಯಾವ ಎಂಜಿನ್ನಿನ ಕ್ಯಾಬ್ ತೆರೆದಿದೆ, ಯಾವುದನ್ನು ಮುಟ್ಟಲು ಅನುಮತಿಯಿದೆ ಎಂದು ಕೇಳಿಕೊಂಡು ಬಂದು ಹಾಳೆ ಬರೆಯಬೇಕು. ಗುಂಪಿಗೊಬ್ಬರಂತೆ ಆರು ಮಂದಿ ದೊಡ್ಡವರು ಜೊತೆಗಿರಬೇಕು. ನನಗೆ ರಜೆಯ ದಿನ ಇಂಥ ಜಾಗಗಳಿಗೆ ಹೋಗುವ ಅಭ್ಯಾಸ ಮೊದಲಿನಿಂದಲೂ ಇರುವುದರಿಂದ ಅದು ಹೊರೆಯೆನಿಸಲಿಲ್ಲ. ಅಷ್ಟು ಬಿಡುವಿಲ್ಲದವರು ಮಾರ್ಗದರ್ಶಕರ ಸುತ್ತನ್ನೇ ಆರಿಸಿಕೊಳ್ಳಲಿ, ಆದರೆ 30 ಮಕ್ಕಳಿಗಿಂತ ಹೆಚ್ಚಾಗಿ ಒಯ್ಯಬಾರದು.

ಮುಂದಿನ ಸಲ ಮೂರನೆಯ ಬಗೆಯಲ್ಲೇ ಒಂದು ಬದಲಾವಣೆ ಮಾಡಲಿದ್ದೇನೆ. ಸವಾರಿಯಲ್ಲಿ ಉಳಿಸಿದ ಹಣದಲ್ಲಿ ಒಬ್ಬ ಮಾರ್ಗದರ್ಶಕರನ್ನು ಗೊತ್ತುಮಾಡಿ, ಅವರನ್ನು ಊರೆಲ್ಲ ಸುತ್ತಿಸದೆ ಸಿಗ್ನಲ್ ಕೋಣೆಯಲ್ಲಿಯೇ ನಿಲ್ಲಿಸುತ್ತೇವೆ. ಒಂದು ಲಿವರ್ ಸರಿಯಾದ ಸ್ಥಾನಕ್ಕೆ ಬರುವವರೆಗೆ ಇನ್ನೊಂದು ಏಕೆ ಜಗ್ಗಿದರೂ ಅಲುಗುವುದಿಲ್ಲ ಎಂಬುದಕ್ಕೆ ನಮ್ಮ ಹಾಳೆಯಲ್ಲಿ ಬಿಟ್ಟಿದ್ದ ಜಾಗ ಆರೂ ಗುಂಪುಗಳಲ್ಲಿ ಖಾಲಿಯಾಗಿಯೇ ಉಳಿದಿತ್ತು.