ಅಕ್ಟೋಬರ್‌ನಿಂದ ಈಸ್ಟರ್‌ವರೆಗೆ: ಮ್ಯೂನಿಕ್‌ನಲ್ಲಿ ನಾಲ್ಕು ಚಳಿಗಾಲ, ಎರಡು ಸೆಟ್ ಟೈರ್

ಕಾರು 2015ರ ಫೋಕ್ಸ್‌ವ್ಯಾಗನ್ ಗಾಲ್ಫ್, ಟೈರ್ ಅಳತೆ 205/55 ಆರ್16. ಬೇಸಿಗೆಗೆ ಕಾರಿನ ಜೊತೆ ಬಂದ ಅಲಾಯ್ ಚಕ್ರಗಳು, ಚಳಿಗೆ ಸ್ಟೀಲ್ ರಿಮ್ ಮೇಲೆ ಕಾಂಟಿನೆಂಟಲ್ ಟಿಎಸ್ 870. ಈ ಚಳಿ ಸೆಟ್ 2021ರ ಅಕ್ಟೋಬರ್‌ನಲ್ಲಿ ತೆಗೆದುಕೊಂಡದ್ದು. ಚಳಿ ಟೈರ್ ಮೇಲೆ ಈವರೆಗೆ ಸುಮಾರು 20 ಸಾವಿರ ಕಿಲೋಮೀಟರ್ ಓಡಿದ್ದೇನೆ.

ದಾವಣಗೆರೆಯಲ್ಲಿ ಕಾರು ಕಲಿತವನಿಗೆ ಟೈರ್ ಅಂದರೆ ಸವೆಯುವ ತನಕ ಓಡಿಸಿ ಬದಲಿಸುವ ವಸ್ತು. ಚಳಿ ಟೈರ್ ಬೇಕಿರುವುದು ಹಿಮ ಬಿದ್ದಾಗ ಮಾತ್ರ ಅಂತ ನಾನೂ ನಂಬಿದ್ದೆ. ಹಿಂದಿನ ಕಾರಿನಲ್ಲಿ ಒಂದು ನವೆಂಬರ್ ಬೆಳಿಗ್ಗೆ ಆ ನಂಬಿಕೆ ಹೋಯಿತು. ಹಿಮದ ಸುಳಿವೇ ಇರಲಿಲ್ಲ. ಹೊರಗೆ 2 ಡಿಗ್ರಿ, ರಸ್ತೆ ಒದ್ದೆ, ಕಾರಿನಲ್ಲಿ ಬೇಸಿಗೆ ಟೈರ್. ಸಿಗ್ನಲ್ ಹತ್ತಿರ ಬ್ರೇಕ್ ಒತ್ತಿದೆ. ಪಾದದ ಕೆಳಗೆ ಎಬಿಎಸ್ ಗಡಗಡ ಅಂದಿತು, ಕಾರು ಮಾತ್ರ ನಿಲ್ಲಲಿಲ್ಲ. ಗೆರೆ ದಾಟಿ, ಪಾದಚಾರಿಗಳ ದಾರಿಯ ಮೇಲೆ ಹೋಗಿ ನಿಂತಿತು. ಆ ಹೊತ್ತಿಗೆ ಅಲ್ಲಿ ಯಾರೂ ದಾಟುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಮಗಳಿದ್ದಳು.

ಕಾರಣ ರಬ್ಬರಿನಲ್ಲಿದೆ. ಬೇಸಿಗೆ ಟೈರಿನ ರಬ್ಬರ್ ಚಳಿಗೆ ಗಟ್ಟಿಯಾಗಿ ರಸ್ತೆಯನ್ನು ಹಿಡಿಯುವುದು ಬಿಡುತ್ತದೆ. 7 ಡಿಗ್ರಿಗಿಂತ ಕೆಳಗಿಳಿದರೆ ಚಳಿ ಟೈರ್ ಅಂತ ಇಲ್ಲಿಯವರು ಗುರುತು ಇಟ್ಟುಕೊಂಡಿರುವುದು ಅದಕ್ಕೇ. ಚಳಿ ಟೈರಿನ ರಬ್ಬರ್ ಸೊನ್ನೆಗಿಂತ ಕೆಳಗೂ ಮೆತ್ತಗಿರುತ್ತದೆ. ಅದರ ಮೇಲಿನ ಕೂದಲೆಳೆಯಂಥ ಸೀಳುಗಳು ಬ್ರೇಕ್ ಒತ್ತಿದಾಗ ಬಾಯಿ ತೆರೆದು ಹಿಮವನ್ನು ಕಚ್ಚುತ್ತವೆ. 2023ರ ಡಿಸೆಂಬರ್ ಮೊದಲ ವಾರಾಂತ್ಯ ಮ್ಯೂನಿಕ್‌ನಲ್ಲಿ ವಿಮಾನ ನಿಲ್ದಾಣವೇ ಮುಚ್ಚುವಷ್ಟು ಹಿಮ ಬಿತ್ತು. ಸಲಿಕೆಯಿಂದ ಕಾರು ಬಿಡಿಸಿಕೊಂಡು ಎರಡನೇ ಗೇರಿನಲ್ಲಿ ನಿಧಾನಕ್ಕೆ ಹೊರಟೆ. ನಮ್ಮ ಬೀದಿಯ ಏರನ್ನು ಚಕ್ರ ಒಮ್ಮೆಯೂ ನಿಂತಲ್ಲೇ ಜಾರಿ ಸುತ್ತದೆ ಕಾರು ಹತ್ತಿಬಿಟ್ಟಿತು. ಕೊಟ್ಟ ದುಡ್ಡಿಗೆ ಅಂದೇ ಸಮಾಧಾನವಾಯಿತು.

ಕಾನೂನು ಇಷ್ಟು: ಜರ್ಮನಿಯಲ್ಲಿ ದಿನಾಂಕದ ಲೆಕ್ಕವಿಲ್ಲ. ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದರೆ ಚಳಿ ಟೈರ್ ಇರಲೇಬೇಕು, ಇಲ್ಲದಿದ್ದರೆ 60 ಯೂರೋ ದಂಡ, ಲೈಸೆನ್ಸ್ ಮೇಲೆ ಒಂದು ಪಾಯಿಂಟ್. 2024ರ ಅಕ್ಟೋಬರ್‌ನಿಂದ ಟೈರಿನ ಬದಿಯಲ್ಲಿ ಬರೀ ಎಂ+ಎಸ್ (ಕೆಸರು ಮತ್ತು ಹಿಮ) ಅಂತ ಬರೆದಿದ್ದರೆ ಸಾಲದು, ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಚಿಹ್ನೆ ಇರಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನೂ, ಟೈರಿನ ಬದಿಯಲ್ಲಿ ಡಾಟ್ (DOT) ಅಂತ ಶುರುವಾಗುವ ಗುರುತಿನ ಕೊನೆಯ ನಾಲ್ಕು ಅಂಕಿಗಳನ್ನೂ ನೋಡಿ. 3521 ಅಂದರೆ 2021ರ 35ನೇ ವಾರ ತಯಾರಾದ ಟೈರ್.

ಖರ್ಚಿನ ಬಗ್ಗೆ ಊರಿನ ಗೆಳೆಯರು ಕೇಳುತ್ತಾರೆ. ರಿಮ್ ಸಮೇತ ಸುಮಾರು 600 ಯೂರೋ ಆಯಿತು. ಆದರೆ ಒಂದು ಸೆಟ್ ಓಡುವಾಗ ಇನ್ನೊಂದು ಸವೆಯುವುದಿಲ್ಲ, ಹಾಗಾಗಿ ಟೈರಿನ ದುಡ್ಡು ವರ್ಷಗಳಲ್ಲಿ ಸರಿಹೋಗುತ್ತದೆ. ನಿಜವಾಗಿ ಹೆಚ್ಚಾಗುವುದು ರಿಮ್ಮಿನ ಬೆಲೆ ಮತ್ತು ಬದಲಿಸುವ ಕೂಲಿ. ಆದರೂ ಬೇರೆ ರಿಮ್ ತೆಗೆದುಕೊಳ್ಳಿ ಅಂತಲೇ ಹೇಳುತ್ತೇನೆ. ಒಂದೇ ರಿಮ್ಮಿಗೆ ವರ್ಷಕ್ಕೆರಡು ಸಲ ಟೈರ್ ಕಳಚಿ ಹಾಕಿಸಿದರೆ ಕೂಲಿಯೂ ಜಾಸ್ತಿ, ಟೈರಿನ ಅಂಚಿಗೂ ಪೆಟ್ಟು. ನನ್ನ ಕಾರು ಗಾಳಿ ಕಡಿಮೆಯಾದದ್ದನ್ನು ಚಕ್ರ ತಿರುಗುವ ವೇಗದಿಂದ ಕಂಡುಹಿಡಿಯುತ್ತದೆ, ಚಕ್ರ ಬದಲಿಸಿದ ಮೇಲೆ ಕಾರಿನ ಮೆನುವಿನಲ್ಲಿ ‘ಸೆಟ್’ ಅನ್ನುವ ಗುಂಡಿ ಒತ್ತಿದರೆ ಸಾಕು. ಚಕ್ರದೊಳಗೇ ಸೆನ್ಸರ್ ಇರುವ ಕಾರಾದರೆ ಎರಡನೇ ಸೆಟ್ಟಿಗೂ ಸೆನ್ಸರ್ ಕೊಳ್ಳಬೇಕು.

ಮೊದಲೆರಡು ವರ್ಷ ಚಕ್ರ ಬದಲಿಸಲು ಒಂದು ವರ್ಕ್‌ಶಾಪಿಗೆ ಕೊಟ್ಟೆ. ಮೊದಲ ಹಿಮ ಬಿದ್ದ ಮೇಲೆ ಫೋನ್ ಮಾಡಿದರೆ ಮೂರು ವಾರ ಕಾಯಬೇಕಿತ್ತು. ಅದನ್ನಾದರೂ ಸಹಿಸಬಹುದು. ಎರಡನೇ ವರ್ಷ ಬದಲಿಸಿಕೊಂಡು ಬಂದು ಎರಡು ದಿನಕ್ಕೆ ಮುಂದಿನ ಎಡಗಡೆ ಟಿಕ್ ಟಿಕ್ ಸದ್ದು. ಸ್ಪ್ಯಾನರ್ ಹಾಕಿ ನೋಡಿದರೆ ಎರಡು ಬೋಲ್ಟ್ ಕೈಬಲಕ್ಕೇ ತಿರುಗಿದವು. 50 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿಸಿ ಅಂತ ಅಲ್ಲಿ ಯಾರೂ ಒಂದು ಮಾತು ಹೇಳಿರಲಿಲ್ಲ. ಅವತ್ತಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಈಗ ನಾನೇ ಮಾಡುತ್ತೇನೆ. ಜ್ಯಾಕು, ಬೇಕಾದಷ್ಟು ಬಿಗಿಯಾದಾಗ ಟಕ್ ಅನ್ನುವ ಟಾರ್ಕ್ ರೆಂಚು ಸೇರಿ 100 ಯೂರೋ. ಕಾರು ನೆಲದ ಮೇಲಿರುವಾಗಲೇ ಬೋಲ್ಟ್ ಸಡಿಲಿಸಿ, ಆಮೇಲೆ ಎತ್ತಬೇಕು. ಚಕ್ರ ಕೂರುವ ಲೋಹದ ಭಾಗಕ್ಕೆ, ಅಂದರೆ ತುಕ್ಕು ಹಿಡಿದ ಹಬ್ಬಿಗೆ (hub), ರಿಮ್ ಅಂಟಿಕೊಂಡಿರುತ್ತದೆ. ಎರಡು ಬೋಲ್ಟ್ ಅರ್ಧ ಹಾಕಿಟ್ಟು ಹಿಮ್ಮಡಿಯಿಂದ ಟೈರಿಗೆ ಒದ್ದರೆ ಬಿಡುತ್ತದೆ. ಹಬ್ಬಿನ ಮುಖ ತಂತಿ ಬ್ರಷ್ಷಿನಲ್ಲಿ ಉಜ್ಜಿ ಹೊಸ ಚಕ್ರ ಕೂರಿಸಿ, ಬೋಲ್ಟುಗಳನ್ನು ನಕ್ಷತ್ರದ ಕ್ರಮದಲ್ಲಿ ಬಿಗಿದು, ಕೊನೆಗೆ 120 ನ್ಯೂಟನ್ ಮೀಟರ್‌ಗೆ ರೆಂಚ್ ಟಕ್ ಅನ್ನುವ ತನಕ. ನನಗೆ ಈಗ ಒಂದು ಗಂಟೆ ಸಾಕು. ಬಿಚ್ಚಿದ ಚಕ್ರಗಳ ಮೇಲೆ ಮಗಳು ಸೀಮೆಸುಣ್ಣದಲ್ಲಿ ಕನ್ನಡದಲ್ಲೇ ಬರೆಯುತ್ತಾಳೆ: ಎಡ ಮುಂದೆ, ಬಲ ಹಿಂದೆ. ಆಮೇಲೆ ನೆಲಮಾಳಿಗೆಯಲ್ಲಿ ಒಂದರ ಮೇಲೊಂದು ಪೇರಿಸಿಡುತ್ತೇವೆ.

ಕೊರತೆಗಳೂ ಇವೆ. ಏಪ್ರಿಲ್ ಬಿಸಿಲಿಗೆ ಯಾವ ಚಳಿ ಟೈರೂ ಮೆತ್ತಗಾಗಿ, ಬ್ರೇಕ್ ಹಾಕಿದಾಗ ಕಾರು ಹೆಚ್ಚು ದೂರ ಹೋಗಿ ನಿಲ್ಲುತ್ತದೆ, ಸವೆತವೂ ಬೇಗ. ಹೀಗಾಗಿ ಈಸ್ಟರ್ ಆದ ಮೇಲೆ ಬೇಸಿಗೆ ಟೈರಿಗೆ ಬದಲಿಸಲು ಸೋಮಾರಿತನ ಸಲ್ಲದು. ಚಳಿ ಕಡಿಮೆಯಿರುವ ಕಲೋನ್, ಡ್ಯುಸೆಲ್‌ಡಾರ್ಫ್ ಕಡೆ ಊರೊಳಗೇ ಓಡಾಡುವವರಿಗೆ ಆಲ್ ಸೀಸನ್ ಟೈರ್ ಸಾಕಾಗಬಹುದು. ಆಲ್ಪ್ಸ್ ಕಡೆಗೆ ಹೋಗುವ ನಮಗೆ ಸಾಲದು.

ಈ ಸಲ ಬಿಚ್ಚುವಾಗ ಚಳಿ ಟೈರಿನ ಮೇಲ್ಮೈ ಗೀರುಗಳ ಆಳ ಅಳೆದೆ: ಮುಂದಿನವು 5 ಮಿಲಿಮೀಟರ್, ಹಿಂದಿನವು ಅದಕ್ಕಿಂತ ಸ್ವಲ್ಪ ಹೆಚ್ಚು. ಕಾನೂನಿಗೆ 1.6 ಸಾಕು, ಇಲ್ಲಿಯ ವಾಹನ ಸವಾರರ ಸಂಘ ಎಡಿಎಸಿ 4 ಅನ್ನುತ್ತದೆ, ಗಡಿಯಾಚೆ ಆಸ್ಟ್ರಿಯಾದಲ್ಲಿ 4ಕ್ಕಿಂತ ಕಡಿಮೆಯಿದ್ದರೆ ಅದನ್ನು ಚಳಿ ಟೈರ್ ಅಂತಲೇ ಒಪ್ಪುವುದಿಲ್ಲ. ಇನ್ನೊಂದು ಚಳಿಗಾಲ ಓಡಿಸಿ ಹೊಸದು ಹಾಕಿಸುತ್ತೇನೆ, ಇದೇ ಮಾಡೆಲ್.